ಹಡಗಿಗೆ ಕಾರವಾರ, ಗಾಡಿಗೆ ಕುಮಟಾ: ದಾವಣಗೆರೆಯಿಂದ ನೋಡಿದ ಒಂದು ಬಂದರಿನ ಪ್ರಕರಣ

ಕುಮಟಾದ ಸುತ್ತಮುತ್ತ ಹತ್ತಿ ಬೆಳೆಯುವುದಿಲ್ಲ. ಅಲ್ಲಿಯದು ಜಂಬಿಟ್ಟಿಗೆ ನೆಲ, ಮಳೆ ಧಾರಾಕಾರ. ಭತ್ತ, ತೆಂಗು, ಅಡಿಕೆ ಅಲ್ಲಿನ ಬದುಕು. ಆದರೂ ಹತ್ತೊಂಬತ್ತನೇ ಶತಮಾನದ ಬೊಂಬಾಯಿ ಪೇಟೆಯಲ್ಲಿ ಧಾರವಾಡ ಸೀಮೆಯ ಎರೆಹೊಲದ ಹತ್ತಿಗೆ ‘ಕುಮಟಾ’ ಎಂದೇ ಹೆಸರು. ದಾವಣಗೆರೆ, ಹರಿಹರ, ಚಿತ್ರದುರ್ಗದ ಎರೆನೆಲದಲ್ಲಿ ನಮ್ಮವರು ಸಣ್ಣಹತ್ತಿ ಎಂದು ಕರೆದದ್ದೂ ಇದೇ ಕುಲದ ಹತ್ತಿಯನ್ನೇ. ಮುಂದೆ ಧಾರವಾಡದಲ್ಲಿ ಆಯ್ದು ತೆಗೆದ ಜಯಧರ ತಳಿಯ ಮೂಲವೂ ಇದೇ. ಬೆಳೆದ ಊರಿನ ಹೆಸರು ಅಳಿಸಿ, ಹಡಗು ಹತ್ತಿಸಿದ ಊರಿನ ಹೆಸರು ಮಾಲಿಗೆ ಅಂಟಿಕೊಂಡಿತು.

ವಿಚಿತ್ರವೆಂದರೆ, ಕುಮಟಾದಲ್ಲಿ ಹಡಗಿಗೆ ಆಸರೆಯೆನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ಅದು ತೆರೆದ ಕಡಲು. ಅಲ್ಲಿಂದ ಉತ್ತರಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿ ಕಾರವಾರದ ಕೊಲ್ಲಿ ಇದೆ. ಮಳೆಗಾಲದಲ್ಲೂ ಹಡಗು ಲಂಗರು ಹಾಕಿ ನಿಲ್ಲಬಹುದಾದ, ಪಶ್ಚಿಮ ಕರಾವಳಿಯ ಅಪರೂಪದ ತಾಣಗಳಲ್ಲಿ ಒಂದು. ಹಾಗಿದ್ದೂ ಘಟ್ಟದ ಮೇಲಿನ ಹತ್ತಿ ಆ ಕೊಲ್ಲಿಯ ಹೆಸರು ಹೊರದೆ ಪಕ್ಕದ ತೆರೆದ ತೀರದ ಹೆಸರು ಹೊತ್ತಿತು. ಈ ಪ್ರಕರಣದ ಪ್ರಶ್ನೆ ಇಷ್ಟೇ: 1862ರಿಂದ 1889ರವರೆಗಿನ ಇಪ್ಪತ್ತೇಳು ವರ್ಷಗಳಲ್ಲಿ ಕಾರವಾರದ ಒಳ್ಳೆಯ ಲಂಗರುತಾಣ ಒಳನಾಡಿನ ಹತ್ತಿಯನ್ನು ಯಾಕೆ ಗೆಲ್ಲಲಾಗಲಿಲ್ಲ? ಇದಕ್ಕೆ ಉತ್ತರವನ್ನು ಕಡಲ ದಂಡೆಯಲ್ಲಿ ನಿಂತು ಹುಡುಕುವವರೇ ಹೆಚ್ಚು. ದಾವಣಗೆರೆಯ ಪೇಟೆಯಲ್ಲಿ, ಗಾಡಿಯ ಮೂಕಿಯ ಪಕ್ಕದಲ್ಲಿ ನಿಂತು ನೋಡಿದರೆ ವಿಷಯ ಸ್ಪಷ್ಟವಾಗಿ ಕಾಣುತ್ತದೆ.

ಕೊಲ್ಲಿಯ ಕಟ್ಟು

ಲಂಗರುತಾಣ ಒಳ್ಳೆಯದು ಎನ್ನಬೇಕಾದರೆ ನಾಲ್ಕು ವಿಷಯ ನೋಡಬೇಕು: ಗಾಳಿ ಮತ್ತು ತೆರೆ ಯಾವ ದಿಕ್ಕಿನಿಂದ ಬರುತ್ತವೆ, ನೀರಿನ ಆಳ ಎಷ್ಟು, ತಳ ಎಂಥದ್ದು, ಹಡಗು ತಿರುಗಲು ಜಾಗ ಇದೆಯೇ. ನಮ್ಮ ಕರಾವಳಿಯ ಮಟ್ಟಿಗೆ ಮೊದಲನೆಯದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದಿಂದ ಬರುವ ದೊಡ್ಡ ತೆರೆ, ಅರಬ್ಬೀ ಸಮುದ್ರದ ಉದ್ದಗಲ ದಾಟಿ ಬಂದ ಬಲದಲ್ಲಿ ದಂಡೆಗೆ ಅಪ್ಪಳಿಸುತ್ತದೆ. ಅದಕ್ಕೆ ಅಡ್ಡವಾಗಿ ಗುಡ್ಡವೋ ದ್ವೀಪವೋ ಇಲ್ಲದಿದ್ದರೆ ಎಂಥ ಆಳವಿದ್ದರೂ ಪ್ರಯೋಜನವಿಲ್ಲ.

ಕಾರವಾರದಲ್ಲಿ ಆ ಅಡ್ಡ ಇದೆ. ಊರಿನ ದಕ್ಷಿಣಕ್ಕೆ ಗುಡ್ಡವೊಂದು ಕಡಲೊಳಗೆ ಮೂಗಿನಂತೆ ಚಾಚಿಕೊಂಡಿದೆ. ಅದರ ಬಗಲಲ್ಲಿ ಬೈತಖೋಲ್. ನೈರುತ್ಯದ ತೆರೆ ಆ ಗುಡ್ಡಕ್ಕೆ ಬಡಿದು ಒಡೆಯುತ್ತದೆ. ಬಾಗಿ ಒಳಗೆ ಬಂದಷ್ಟು ತೆರೆಯ ಶಕ್ತಿ ಕಡಿಮೆ. ಕೊಲ್ಲಿಯ ಬಾಯಿಯ ಆಚೆ ದೇವಗಡ, ಕೂರ್ಮಗಡ ದ್ವೀಪಗಳು. ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಅಂಜದೀವ. ಕೊಲ್ಲಿಯ ಉತ್ತರದಲ್ಲಿ ಕಾಳಿ ನದಿಯ ಅಳಿವೆ, ಅದರ ಆಚೆ ದಡದ ಗುಡ್ಡದ ಮೇಲೆ ಸದಾಶಿವಗಡ.

ತಳದ ವಿಷಯ ಒಂದು ಮಾತು. ಕೆಸರುತಳದಲ್ಲಿ ಲಂಗರಿನ ಕೊಕ್ಕೆ ಹೂತು ಗಟ್ಟಿಯಾಗಿ ಕೂರುತ್ತದೆ. ಬಂಡೆತಳದಲ್ಲಿ ಜಾರುತ್ತದೆ, ಇಲ್ಲವೇ ಸಿಕ್ಕಿಕೊಂಡು ಮೇಲೇಳುವುದಿಲ್ಲ. ಸರಪಳಿಯನ್ನು ನೀರಿನ ಆಳದ ಐದರಿಂದ ಏಳು ಪಟ್ಟು ಬಿಡುವುದು ನಾವಿಕರ ರೂಢಿ. ಐದು ಮಾರು, ಅಂದರೆ ಸುಮಾರು 9 ಮೀಟರ್ ಆಳವಿದ್ದರೆ 45ರಿಂದ 63 ಮೀಟರ್ ಸರಪಳಿ. ಸರಪಳಿ ಕಡಿಮೆ ಬಿಟ್ಟರೆ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತು ಬರುತ್ತದೆ. ಉದ್ದ ಬಿಟ್ಟರೆ ಗಾಳಿ ತಿರುಗಿದಾಗ ಹಡಗು ಅಷ್ಟೇ ಅಗಲದ ವೃತ್ತದಲ್ಲಿ ಸುತ್ತುತ್ತದೆ. ಆದ್ದರಿಂದ ಒಂದು ಕೊಲ್ಲಿಯಲ್ಲಿ ಎಷ್ಟು ಹಡಗು ನಿಲ್ಲಬಹುದು ಎಂಬುದನ್ನು ನೀರಿನ ಆಳವೊಂದೇ ಹೇಳುವುದಿಲ್ಲ, ಆಸರೆಯಲ್ಲಿರುವ ನೀರಿನ ಅಗಲವೂ ಹೇಳಬೇಕು.

ನದಿಮುಖದ ಬಂದರುಗಳ ಕಷ್ಟ ಬೇರೆ. ಹೊನ್ನಾವರದಲ್ಲಿ ಶರಾವತಿ, ತದಡಿಯಲ್ಲಿ ಅಘನಾಶಿನಿ ಒಳಗೆ ಹೊಕ್ಕರೆ ಶಾಂತವಾದ ನೀರು ಕೊಡುತ್ತವೆ, ಆದರೆ ಒಳಗೆ ಹೋಗಲು ಅಳಿವೆಯ ಮರಳುದಿಬ್ಬ ದಾಟಬೇಕು. ನದಿ ತಂದ ಮರಳು ಕಡಲ ತೆರೆಗೆ ಎದುರಾಗಿ ನಿಂತ ಕಡೆ ಈ ದಿಬ್ಬ ಬೆಳೆಯುತ್ತದೆ. ಪ್ರತಿ ಮಳೆಗಾಲದ ನಂತರ ಅದರ ಜಾಗ ಬದಲಾಗುತ್ತದೆ. ಈ ಕರಾವಳಿಯಲ್ಲಿ ದೊಡ್ಡ ಉಬ್ಬರ ಇಳಿತದ ಅಂತರವೇ 2 ಮೀಟರ್ ಆಸುಪಾಸು. ಆ ಎರಡು ಮೀಟರ್ ನೆಚ್ಚಿಕೊಂಡು ಭಾರದ ಹಡಗು ಒಳಹೊರಗೆ ಓಡಾಡಲಾಗದು. ಕಾರವಾರದ ಮೇಲುಗೈ ಇಲ್ಲಿಯೇ: ಅದು ಅಳಿವೆಯ ಬಂದರಲ್ಲ. ಹಡಗು ದಿಬ್ಬ ದಾಟದೆ, ಕೊಲ್ಲಿಯಲ್ಲಿಯೇ ಗುಡ್ಡದ ಮರೆಯಲ್ಲಿ ನಿಲ್ಲುತ್ತದೆ.

ಹಳೆಯ ಕಾಲದ ಹಡಗಿನವರಿಗೆ ಇದು ಗೊತ್ತಿತ್ತು. 1498ರಲ್ಲಿ ವಾಸ್ಕೊ ಡ ಗಾಮ ಹಿಂದಿರುಗುವ ಮೊದಲು ಹಡಗು ಸರಿಪಡಿಸಿಕೊಳ್ಳಲು, ನೀರು ತುಂಬಿಕೊಳ್ಳಲು ಅಂಜದೀವದಲ್ಲಿ ನಿಂತ. 1505ರಲ್ಲಿ ಪೋರ್ಚುಗೀಸರ ವೈಸರಾಯ್ ಅಲ್ಮೇಡ ಅಲ್ಲೊಂದು ಕೋಟೆ ಕಟ್ಟಿಸಿದ, ಅದನ್ನು ಬೇಗನೆ ಬಿಟ್ಟೂಬಿಟ್ಟರು. 1662ರಲ್ಲಿ ಇಂಗ್ಲೆಂಡಿನ ಪರವಾಗಿ ಬೊಂಬಾಯಿಯನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ಸರ್ ಅಬ್ರಹಾಂ ಶಿಪ್‌ಮನ್‌ಗೆ ಪೋರ್ಚುಗೀಸರು ಬೊಂಬಾಯಿ ಬಿಟ್ಟುಕೊಡಲಿಲ್ಲ. ಅವನು ತನ್ನ ದಂಡನ್ನು ಅಂಜದೀವದಲ್ಲಿ ಇಳಿಸಿದ. ರೋಗರುಜಿನದಲ್ಲಿ ಹೆಚ್ಚಿನವರು ಸತ್ತರು, 1664ರಲ್ಲಿ ಅವನೂ ಅಲ್ಲೇ ತೀರಿಕೊಂಡ. ಹಡಗಿಗೆ ಆಸರೆ ಕೊಟ್ಟ ದ್ವೀಪ ಜನಕ್ಕೆ ಅನ್ನ ಔಷಧಿ ಕೊಡಲಿಲ್ಲ. ಇನ್ನೂರು ವರ್ಷಗಳ ನಂತರದ ಹತ್ತಿಯ ಕಥೆಯಲ್ಲೂ ಇದೇ ನಂಟು ಕಾಣುತ್ತದೆ. ಲಂಗರುತಾಣದ ಬೆನ್ನಿಗೆ ಒಳನಾಡು ಇರಬೇಕು.

ಒಂದು ಕಾಲದಲ್ಲಿ ಅದು ಇತ್ತು. 1638ರಲ್ಲಿ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ಕೋಠಿ ತೆರೆದದ್ದು ಮೆಣಸು ಮತ್ತು ಘಟ್ಟದ ಮೇಲಿನ ನಯವಾದ ಬಟ್ಟೆಗಾಗಿ. ಆಗಿನ ಊರು ಇದ್ದದ್ದು ಕಡಲ ದಂಡೆಯಲ್ಲಲ್ಲ, ಕಾಳಿ ನದಿಯಲ್ಲಿ ಸ್ವಲ್ಪ ಒಳಗೆ, ಕಡವಾಡದ ಬಳಿ. 1665ರಲ್ಲಿ ಶಿವಾಜಿಯ ದಂಡು ಬಂದು ಕಪ್ಪ ವಸೂಲಿ ಮಾಡಿತು, ಇಂಗ್ಲಿಷರೂ ತಮ್ಮ ಪಾಲು ತೆತ್ತರು. ಆಮೇಲೆ ಸೋದೆಯ ಅರಸರು, ಪೋರ್ಚುಗೀಸರು, ಹೈದರ್, ಟಿಪ್ಪು ಎಂದು ಕೈ ಬದಲಾಗುತ್ತ, 1801ರ ಹೊತ್ತಿಗೆ ಹಳೆಯ ಕಾರವಾರ ಹಾಳುಬಿದ್ದಿತ್ತು. ಮೆಣಸು ಮತ್ತು ನಯದ ಬಟ್ಟೆ ಹೇರೆತ್ತಿನ ಮೇಲೆ ಬರುವ ಮಾಲು: ತೂಕ ಕಡಿಮೆ, ಬೆಲೆ ಹೆಚ್ಚು. ಅದಕ್ಕೆ ಕಾಲುದಾರಿ ಸಾಕಾಗಿತ್ತು. ಹತ್ತಿ ಹಾಗಲ್ಲ.

ಮೂರು ಸರ್ಕಾರ, ಒಂದು ರಸ್ತೆ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಲ್ಯಾಂಕಾಶೈರಿನ ಗಿರಣಿಗಳ ಕಣ್ಣು ಧಾರವಾಡದ ಮೇಲೆ ಬಿತ್ತು. ಆಗ ಎದ್ದು ಕಂಡ ತೊಡಕು ಆಡಳಿತದ್ದು. ಹತ್ತಿ ಬೆಳೆಯುವ ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿ, ಹಡಗು ನಿಲ್ಲುವ ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿ. ಘಟ್ಟದ ರಸ್ತೆಗೆ ಖರ್ಚು ಮಾಡಬೇಕಾದದ್ದು ಮದ್ರಾಸು, ಲಾಭ ಪಡೆಯುವುದು ಬೊಂಬಾಯಿ. ದಾವಣಗೆರೆ, ಹರಿಹರ, ಚಿತ್ರದುರ್ಗ ಇನ್ನೊಂದು ಕಡೆ, 1831ರಿಂದ ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿದ್ದ ಮೈಸೂರು ಸಂಸ್ಥಾನದಲ್ಲಿ. ಮೈಸೂರಿಗೆ ಕಡಲೇ ಇಲ್ಲ. ನಮ್ಮ ಕಡೆಯ ಒಂದು ಗಾಡಿ ಹತ್ತಿ ಕಡಲು ಕಾಣಬೇಕಾದರೆ ಮೂರು ಸರ್ಕಾರಗಳ ರಸ್ತೆ ತುಳಿಯಬೇಕಿತ್ತು.

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಬೊಂಬಾಯಿಗೆ ಸೇರಿಸಿದರು. ಇಡೀ ಜಿಲ್ಲೆ ಪ್ರಾಂತ್ಯ ಬದಲಿಸಿದ್ದರ ಹಿಂದಿನ ದೊಡ್ಡ ಒತ್ತಡ ಹತ್ತಿ ಮತ್ತು ಕಾರವಾರ ಬಂದರಿನದೇ. ಮೀನುಗಾರರ ಹಳ್ಳಿಯಂತಿದ್ದ ಜಾಗದಲ್ಲಿ ಹೊಸ ಊರು ಎದ್ದಿತು, ಜಿಲ್ಲೆಯ ಕಚೇರಿಗಳು ಬಂದವು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಬೆಳಗಿತು. ಘಟ್ಟ ಹತ್ತಲು ಮೊದಲು ಕೈಗಾದ ಮೂಲಕ, ಆಮೇಲೆ ಅರಬೈಲ್ ಮೂಲಕ ರಸ್ತೆಗಳಾದವು. ಮೈಸೂರಿನ ಕಡೆ 1868ರಲ್ಲಿ ಹರಿಹರದ ತುಂಗಭದ್ರೆಗೆ ತಲಾ 60 ಅಡಿ ಅಗಲದ 14 ಕಮಾನುಗಳ ಸೇತುವೆ ಮುಗಿಯಿತು. ಅದಕ್ಕೆ ಮೊದಲು ಹೊಳೆ ತುಂಬಿದಾಗ ಗಾಡಿ ದಡದಲ್ಲಿ ಕಾಯಬೇಕಿತ್ತು.

ನಕ್ಷೆಯ ಮೇಲೆ ಎಲ್ಲ ಸರಿಯಾಗಿಯೇ ಇದೆ. ತಪ್ಪಿದ್ದು ಅನುಕ್ರಮದಲ್ಲಿ. ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು 1860ರಲ್ಲಿ ಕಟ್ಟಿದ ಹತ್ತಿ ಕಂಪನಿ ಹತ್ತಿಯ ಬೀಜ ಬಿಡಿಸುವ, ಅರಳೆ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ಕಾರವಾರಕ್ಕೆ ಕಳಿಸಿತು. 1862ರಲ್ಲಿ ಯಂತ್ರ ಬಂದಾಗ ಇಳಿಸಲು ತಕ್ಕ ಧಕ್ಕೆ ಇರಲಿಲ್ಲ, ಒಳನಾಡಿಗೆ ಸಾಗಿಸಲು ರಸ್ತೆ ಮುಗಿದಿರಲಿಲ್ಲ. ಕಂಪನಿ ಕೆಲವೇ ವರ್ಷಗಳಲ್ಲಿ ಮುಚ್ಚಿತು. 1865ರಲ್ಲಿ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿದಾಗ, ರಸ್ತೆಗೆ ಹಣ ಸುರಿಯುವ ಅವಸರವೂ ಇಳಿಯಿತು. ರಸ್ತೆ, ಧಕ್ಕೆ, ಪ್ರೆಸ್ಸು, ಕೊನೆಗೆ ಹಡಗು ಎಂಬ ಕ್ರಮದಲ್ಲಿ ನಡೆಯಬೇಕಾದ ಕೆಲಸ ತಿರುವುಮುರುವಾಗಿ ನಡೆಯಿತು. ಬರೀ ಅಧಿಕಾರಿಗಳ ಆಲಸ್ಯ ಎಂದು ಇದನ್ನು ತಳ್ಳಿಹಾಕುವುದು ಸರಿಯಲ್ಲ. ರಸ್ತೆ ಬೇಗ ಮುಗಿದಿದ್ದರೂ ನಮ್ಮ ಕಡೆಯ ಹತ್ತಿ ಕಾರವಾರಕ್ಕೆ ಹೋಗುತ್ತಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಗಾಡಿಯ ಲೆಕ್ಕ ಬೇಕು.

ಗಾಡಿಯ ಲೆಕ್ಕ

ದಾವಣಗೆರೆ ದೂರದ ವ್ಯಾಪಾರಕ್ಕೆ ಹೊಸದಲ್ಲ. ಬೇತೂರಿನ ಪಕ್ಕದ ಸಣ್ಣ ಹಳ್ಳಿಯಾಗಿದ್ದ ಊರನ್ನು ಹೈದರಾಲಿ ಅಪ್ಪೋಜಿರಾಯನೆಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ, ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದ. ನಗರ (ಬಿದನೂರು) ಸೀಮೆಯ ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ಮೂಡಲಿಗೆ ಆರ್ಕಾಟಿನ ಬಳಿಯ ವಾಲಾಜಪೇಟೆಗೆ ಹೋಗುತ್ತಿತ್ತು. ಮದ್ರಾಸಿನ ಹಡಗುಗಳಲ್ಲಿ ಬಂದ ವಿಲಾಯಿತಿ, ಚೀನಾ ಸರಕು ತಿರುಗಿ ಬರುತ್ತಿತ್ತು. ಅಂದರೆ ಪಡುವಣ ಘಟ್ಟದ ಬುಡದ ಮಾಲು ಮೂಡಣ ಕಡಲಿಗೆ ಹೋಗುವ ದಾರಿಯಲ್ಲಿ ದಾವಣಗೆರೆ ಒಂದು ಒಣ ಬಂದರು. ಇಂಥ ಪೇಟೆಯವರು ಬಂದರನ್ನು ಅಂದದಿಂದಲ್ಲ, ದಿನದ ಲೆಕ್ಕದಿಂದ ಆರಿಸುತ್ತಾರೆ.

ಮೊದಲು ಹೇರೆತ್ತು ಮತ್ತು ಗಾಡಿಯ ಅಂತರ. ಲಂಬಾಣಿಗರ ಹೇರೆತ್ತು ಬೆನ್ನ ಮೇಲೆ ಸುಮಾರು 100 ಕಿಲೊ ಹೊರುತ್ತದೆ. ಅದೇ ಎರಡು ಎತ್ತನ್ನು ನೊಗಕ್ಕೆ ಕಟ್ಟಿದರೆ ಕಟ್ಟಿದ ರಸ್ತೆಯಲ್ಲಿ 500 ಕಿಲೊ ಎಳೆಯುತ್ತವೆ. ಒಂದು ಜೋಡಿಯ ಕೆಲಸ 200ರಿಂದ 500ಕ್ಕೆ ಏರಿತು. ಘಟ್ಟದ ರಸ್ತೆಯ ಬೆಲೆ ಇದು.

ಇನ್ನು ಘಟ್ಟದ ಏರು. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರ, ಘಟ್ಟದಲ್ಲಿ ಇಳಿಯಬೇಕಾದದ್ದು ಹತ್ತಿರ ಹತ್ತಿರ 500 ಮೀಟರ್ ಎಂದು ಹಿಡಿಯೋಣ. 20 ಅಡಿ ನಡೆದರೆ 1 ಅಡಿ ಏರುವ ಹಾಗೆ ರಸ್ತೆ ಕಡಿದರೆ 10 ಕಿ.ಮೀ. ಸುತ್ತು ಬೇಕು. 10ಕ್ಕೆ 1ರಂತೆ ಕಡಿದರೆ 5 ಕಿ.ಮೀ. ಸಾಕು, ಅಗ್ಗ. ಆದರೆ ಎತ್ತು ಏನು ಹೇಳುತ್ತದೆ? 500 ಕಿಲೊ ಮಾಲು, 300 ಕಿಲೊ ಗಾಡಿ, ಒಟ್ಟು 800. 20ಕ್ಕೆ 1ರ ಏರಿನಲ್ಲಿ ಹಿಂದಕ್ಕೆಳೆಯುವ ಭಾರ 40 ಕಿಲೊ, ಚಕ್ರ ಉರುಳಲು ಜಲ್ಲಿರಸ್ತೆಯಲ್ಲಿ ಇನ್ನೊಂದು 24 ಕಿಲೊ, ಒಟ್ಟು 64. ಒಂದು ಜೋಡಿ ದಿನವಿಡೀ ಎಳೆಯಬಲ್ಲದ್ದು ತಮ್ಮ ಮೈತೂಕದ ಹತ್ತರಲ್ಲೊಂದು ಪಾಲು, ಅಂದರೆ 70 ಕಿಲೊ ಆಸುಪಾಸು. ಸರಿಹೋಯಿತು. 10ಕ್ಕೆ 1ರ ಏರಿನಲ್ಲಿ ಅದು 104ಕ್ಕೆ ಏರುತ್ತದೆ, ಒಂದು ಜೋಡಿಯಿಂದ ಆಗದ ಮಾತು. ಬುಡದಲ್ಲಿ ಇನ್ನೊಂದು ಜೋಡಿ ಬಾಡಿಗೆಗೆ ಕಟ್ಟಬೇಕು, ಇಲ್ಲ ಅರ್ಧ ಮಾಲು ಇಳಿಸಿ ಎರಡು ಸಲ ಹತ್ತಬೇಕು.

ಹತ್ತಿ ಇಳಿಯುವ ಮಾಲಲ್ಲವೇ, ಏರಿನ ಚಿಂತೆ ಏಕೆ ಎನ್ನಬಹುದು. ಇಳಿಯುವಾಗ ಅದೇ 40 ಕಿಲೊ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ, ಚಕ್ರದ 24 ಕಿಲೊ ತಡೆ ಕಳೆದು ಉಳಿದದ್ದು ಎತ್ತಿನ ಕೊರಳನ್ನು ಹಿಂದಿನಿಂದ ನೂಕುತ್ತದೆ. ಗಾಡಿಯ ಹಿಂದೆ ಮರದ ದಿಮ್ಮಿ ಕಟ್ಟಿ ಎಳೆಸುವುದು, ಚಕ್ರಕ್ಕೆ ಮರ ಒತ್ತಿ ಹಿಡಿಯುವುದು ಅದಕ್ಕಾಗಿ. ಅಚ್ಚು ಕಾಯ್ದು ಕೀಲೆಣ್ಣೆ ಒಣಗಿದರೆ ಗುಂಬ (ಚಕ್ರದ ನಡುಗಡ್ಡೆ) ಸೀಳುತ್ತದೆ. ಕಡಾಣಿ ಕಳಚಿದರೆ ಚಕ್ರ ಕಣಿವೆಗೆ. ಮತ್ತೆ, ಬರಿಗಾಡಿ ಹಿಂದಿರುಗುವುದು ಯಾರಿಗೂ ಗಿಟ್ಟುವುದಿಲ್ಲ. ಮರಳುವಾಗ ಉಪ್ಪು, ತೆಂಗು ಬೇಕು. ಕುಮಟಾದ ಬಗಲಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರಗಳಿದ್ದವು. ಹತ್ತಿ ಇಳಿಸಿದ ಗಾಡಿಗೆ ಉಪ್ಪು ಸಿದ್ಧ. ಈ ತಿರುಗುಮಾಲೇ ಕುಮಟಾ ಗಾಡಿಯ ಬಾಡಿಗೆಯನ್ನು ಹಗುರ ಮಾಡಿತು ಎಂಬುದನ್ನು ಲಂಗರುತಾಣದ ನಕ್ಷೆ ತೋರಿಸುವುದಿಲ್ಲ.

ಈಗ ದೂರ. ಇಂದಿನ ರಸ್ತೆಯ ಅಳತೆಯಲ್ಲಿ ದಾವಣಗೆರೆಯಿಂದ ಹರಿಹರ, ರಾಣೆಬೆನ್ನೂರು, ಹಾವೇರಿ, ಶಿರಸಿ, ದೇವಿಮನೆ ಘಟ್ಟದ ಮೇಲೆ ಕುಮಟಾ ಸುಮಾರು 200 ಕಿ.ಮೀ. ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಕಾರವಾರ ಸುಮಾರು 310. ಹಾವೇರಿಯಿಂದ ಮುಂಡಗೋಡದ ಕಡೆ ಅಡ್ಡಹಾದಿ ಹಿಡಿದರೆ ಕೆಲವು ಮೈಲಿ ಉಳಿಯುತ್ತದೆ, ಹಾಗೆ ಉಳಿಸಿದ್ದು ಕಾಡುದಾರಿಯ ನಿಧಾನದಲ್ಲಿ ಕಳೆದುಹೋಗುತ್ತದೆ. ಕುಮಟಾಕ್ಕೆ ಇಳಿದು ದಂಡೆಗುಂಟ ಕಾರವಾರಕ್ಕೆ ಹೋಗೋಣವೆಂದರೆ ಅಘನಾಶಿನಿ, ಗಂಗಾವಳಿ ಅಡ್ಡ. ಭಾರದ ಗಾಡಿ ದಿನಕ್ಕೆ 20 ಕಿ.ಮೀ. ನಡೆಯುತ್ತದೆ ಎಂದರೆ ಕುಮಟಾಕ್ಕೆ 10 ದಿನ, ಕಾರವಾರಕ್ಕೆ 15ರಿಂದ 16 ದಿನ. ಹೋಗಿಬರುವುದು, ನಡುವೆ ಇಳಿಸಿ ತುಂಬಲು 2 ದಿನ ಸೇರಿಸಿ, ಕುಮಟಾದ ಒಂದು ಸುತ್ತು 22 ದಿನ, ಕಾರವಾರದ್ದು 33.

ಪ್ರಕರಣದ ಗಂಟು ಇರುವುದು ಪಂಚಾಂಗದಲ್ಲಿ. ಈ ಹತ್ತಿ ಬಿತ್ತುವುದು ಆಗಸ್ಟ್ ಸೆಪ್ಟೆಂಬರಿನಲ್ಲಿ, ಬಿಡಿಸುವುದು ಫೆಬ್ರವರಿಯಿಂದ ಏಪ್ರಿಲ್. ಬೀಜ ತೆಗೆದಾಗ ಅರಳೆ ಸಿಗುವುದು ತೂಕದ ಕಾಲುಭಾಗ ಮಾತ್ರ, ಆದ್ದರಿಂದ ಬೀಜ ಸಮೇತ ಘಟ್ಟ ಇಳಿಸುವುದು ಮೂರ್ಖತನ. ಊರಲ್ಲೇ ಬೀಜ ಬಿಡಿಸಬೇಕು, ಅದಕ್ಕೂ ದಿನ ಬೇಕು. ಗಾಡಿ ದಾರಿ ಹಿಡಿಯುವಾಗ ಮಾರ್ಚ್ ಅರ್ಧ ಕಳೆದಿರುತ್ತದೆ. ಮೇ ಮೂರನೇ ವಾರದ ಹೊತ್ತಿಗೆ ಹಾಯಿಹಡಗಿನವರು ಕಡಲು ಬಿಡುತ್ತಾರೆ. ನಡುವೆ ಸಿಗುವುದು 65 ದಿನದ ಆಸುಪಾಸು. ಆ ಕಿಂಡಿಯಲ್ಲಿ ಒಂದು ಗಾಡಿ ಕುಮಟಾಕ್ಕೆ ಮೂರು ಸಲ ಹೋಗಿಬರಬಹುದು, ಕಾರವಾರಕ್ಕೆ ಎರಡೇ ಸಲ.

ಲೆಕ್ಕಕ್ಕೆ 100 ಖಂಡಿ ಅರಳೆ ಹಿಡಿಯೋಣ. ಬೊಂಬಾಯಿ ಖಂಡಿ 784 ಪೌಂಡು, ಸುಮಾರು 356 ಕಿಲೊ. 100 ಖಂಡಿ ಎಂದರೆ 35.6 ಟನ್, 500 ಕಿಲೊದಂತೆ 71 ಗಾಡಿಹೊರೆ. ಕುಮಟಾಕ್ಕಾದರೆ 24 ಗಾಡಿ ಸಾಕು. ಕಾರವಾರಕ್ಕೆ 36 ಬೇಕು. ಬೇಸಗೆಯಲ್ಲಿ ಮೇವು ನೀರು ಕಡಿಮೆ, ಮೇ ಕೊನೆಗೆ ಅದೇ ಎತ್ತು ಮುಂಗಾರಿನ ಬೇಸಾಯಕ್ಕೆ ಊರಲ್ಲಿರಬೇಕು. ಹೆಚ್ಚಿನ 12 ಜೋಡಿ ಎತ್ತು ಎಲ್ಲಿಂದ ತರುವುದು? ಹುಬ್ಬಳ್ಳಿಯವರಿಗೆ ಈ ಕಷ್ಟವಿಲ್ಲ. ಅಲ್ಲಿಂದ ಎರಡೂ ಬಂದರು 160 ಕಿ.ಮೀ. ಆಸುಪಾಸು. ಕಾರವಾರದ ಪರ ವಾದಿಸಿದವರು ಹುಬ್ಬಳ್ಳಿ ಧಾರವಾಡದ ಅಳತೆಕೋಲು ಹಿಡಿದು ಮಾತಾಡಿದರು. ರಾಣೆಬೆನ್ನೂರಿನಿಂದ ಈಚೆಗೆ ಆ ಕೋಲು ನಡೆಯುವುದಿಲ್ಲ.

ಮಳೆಗಾಲದ ಆಸರೆ ಯಾರಿಗೆ?

ಕಾರವಾರದ ಪರವಾಗಿ ಉಳಿಯುವ ದೊಡ್ಡ ವಾದ: ಅದು ಮಳೆಗಾಲದಲ್ಲೂ ತೆರೆದಿರುವ ಬಂದರು. ಕುಮಟಾದಲ್ಲಿ ಮೇ ತಪ್ಪಿದ ಅಂಡಿಗೆ (ಹತ್ತಿಯ ಮೂಟೆ) ನಾಲ್ಕು ತಿಂಗಳು ವಖಾರಿಯಲ್ಲಿ ಕೂರುತ್ತದೆ. ತೇವ ಹಿಡಿದ ಅರಳೆ ಒಳಗೇ ಕಾಯುತ್ತದೆ, ಹಳದಿಗಟ್ಟುತ್ತದೆ, ಎಳೆ ಬಲ ಕಳೆದುಕೊಳ್ಳುತ್ತದೆ. ಹಾಕಿದ ಹಣಕ್ಕೆ ಬಡ್ಡಿ ಬೇರೆ. ಈ ನಷ್ಟ ನಿಜ, ಕಾರವಾರ ಅದನ್ನು ತಪ್ಪಿಸಬಹುದಾಗಿತ್ತು ಎಂಬುದೂ ನಿಜ.

ಆದರೆ ಜೂನ್ ತಿಂಗಳಲ್ಲಿ ಕಾರವಾರದ ಹಡಗಿಗೆ ಹತ್ತಿ ತಲುಪಿಸುವವರು ಯಾರು? ಘಟ್ಟದ ರಸ್ತೆ ಆಗ ಕೆಸರು, ಹಳ್ಳಗಳು ಉಕ್ಕಿರುತ್ತವೆ, ಎತ್ತು ಹೊಲದಲ್ಲಿರುತ್ತದೆ. ಸರ್ವಋತು ಬಂದರಿಗೆ ಬೇಸಗೆಯ ರಸ್ತೆ ಜೋಡಿಸಿದರೆ ಒಟ್ಟಿಗೆ ಸಿಗುವುದು ಬೇಸಗೆಯ ಬಂದರೇ. ಕಾರವಾರಕ್ಕೆ ಬೇಕಿದ್ದದ್ದು ಮೇ ಒಳಗೆ ಸಾಕಷ್ಟು ಹತ್ತಿ ತಂದು ಒಣ ವಖಾರಿಯಲ್ಲಿಟ್ಟು, ಅಲ್ಲೇ ಪ್ರೆಸ್ ಮಾಡಿ, ಮಳೆಗಾಲದಲ್ಲಿ ನೇರ ವಿಲಾಯಿತಿಗೆ ಹಡಗು ತುಂಬುವ ವರ್ತಕರು. ಅಷ್ಟು ಬಂಡವಾಳ ಇದ್ದದ್ದು ಬೊಂಬಾಯಿಯಲ್ಲಿ.

ಕುಮಟಾದ ವ್ಯವಸ್ಥೆ ಅದಕ್ಕೇ ನೆಟ್ಟಗಿತ್ತು. ಅರೆಬರೆ ಒತ್ತಿದ ಅಂಡಿಗೆಗಳನ್ನು ಸಣ್ಣ ದೋಣಿಗಳಲ್ಲಿ ಹೊರಗೆ ನಿಂತ ಪತ್ತೇಮಾರಿ, ಮಚ್ವೆ ಎಂಬ ಹಾಯಿಹಡಗುಗಳಿಗೆ ಸಾಗಿಸುತ್ತಿದ್ದರು. ಆ ಹಡಗುಗಳಿಗೆ ದೊಡ್ಡ ಆಳ ಬೇಡ. ರಾತ್ರಿ ನೆಲಗಾಳಿ ಹಿಡಿದು ಹೊರಕ್ಕೆ, ಹಗಲು ಕಡಲಗಾಳಿ ಹಿಡಿದು ಒಳಕ್ಕೆ, ಹೀಗೆ ಓರೆಓರೆಯಾಗಿ ದಂಡೆಗುಂಟ ಉತ್ತರಕ್ಕೆ ಹತ್ತುತ್ತ ಬೊಂಬಾಯಿ ಸೇರುತ್ತಿದ್ದವು. ಅಲ್ಲಿ ಉಗಿಯಂತ್ರದ ಪ್ರೆಸ್ಸು, ಹುಂಡಿ (ಹಣ ಪಾವತಿಯ ಪತ್ರ) ವಟಾಯಿಸುವ ಸಾಹುಕಾರರು, ವಿಲಾಯಿತಿ ಹಡಗುಗಳು. ಅಂದರೆ ಒಳನಾಡಿನ ವರ್ತಕನಿಗೆ ದೊಡ್ಡ ಹಡಗಿನ ಲಂಗರುತಾಣ ಬೇಕೇ ಇರಲಿಲ್ಲ. ಆ ತಾಣದ ಕೆಲಸವನ್ನು ಬೊಂಬಾಯಿ ಮಾಡುತ್ತಿತ್ತು. ಕಾರವಾರ ಸ್ಪರ್ಧಿಸಬೇಕಿದ್ದದ್ದು ಕುಮಟಾದ ಜೊತೆಗಲ್ಲ, ಬೊಂಬಾಯಿಯ ಜೊತೆ. ಅದು ಆಗುವ ಮಾತಾಗಿರಲಿಲ್ಲ ಎಂಬುದೇ ಈ ಪ್ರಕರಣದಲ್ಲಿ ನಾವು ಕೊಡುವ ತೀರ್ಪು.

ಈ ವ್ಯವಸ್ಥೆಗೆ ಬೆಲೆ ತೆರಬೇಕಾಯಿತು. ಅರೆ ಒತ್ತಿದ ಅಂಡಿಗೆ ಪೂರ್ತಿ ಒತ್ತಿದ ಬೇಲ್‌ಗಿಂತ (ಯಂತ್ರದಲ್ಲಿ ಒತ್ತಿದ ಮೂಟೆ) ಎರಡು ಮೂರು ಪಟ್ಟು ಜಾಗ ತಿನ್ನುತ್ತದೆ. ದೋಣಿಯಲ್ಲಿ ತೆರೆ ಎರಚಿದರೆ ಹೊರಪದರ ಉಪ್ಪುನೀರು ಕುಡಿಯುತ್ತದೆ. ಗಾಡಿಯಿಂದ ವಖಾರಿ, ವಖಾರಿಯಿಂದ ದೋಣಿ, ದೋಣಿಯಿಂದ ಹಡಗು, ಬೊಂಬಾಯಿಯಲ್ಲಿ ಮತ್ತೆ ಬಿಚ್ಚಿ ಒತ್ತುವುದು: ಕೈ ಬದಲಾದಷ್ಟೂ ಬೀಜ, ಕಸ, ಮಣ್ಣು, ನೀರು ಬೆರೆಸಲು ಅವಕಾಶ. ಧಾರವಾಡದಲ್ಲಿ ಬೆಳೆದ ಅಮೆರಿಕನ್ ತಳಿಯ ಹತ್ತಿಗೆ ಸಣ್ಣಹತ್ತಿ ಬೆರೆಸುವುದೂ ಇತ್ತು. ಹತ್ತಿಯ ಮೋಸ ತಡೆಯಲು ಬೊಂಬಾಯಿ ಸರ್ಕಾರ 1863ರಲ್ಲಿ ಕಾಯಿದೆಯನ್ನೇ ತರಬೇಕಾಯಿತು.

ರೈಲು ಬಂದಾಗ

ಕಾರವಾರ ಹುಬ್ಬಳ್ಳಿ ನಡುವೆ ರೈಲು ಹಾಕುವ ಮಾತು ಆಗಲೇ ಎದ್ದಿತ್ತು, ಕೈಗೂಡಲಿಲ್ಲ. 1870ರ ದಶಕದ ಆರಂಭಕ್ಕೆ ಮದ್ರಾಸಿನ ರೈಲು ಬಳ್ಳಾರಿ ತಲುಪಿ, ಚಿತ್ರದುರ್ಗದ ಕಡೆಯ ಮಾಲನ್ನು ಮೂಡಲಿಗೆ ಸೆಳೆಯಲು ದಾರಿಯಾಯಿತು. 1876–78ರ ಬರದ ನಂತರ ಒಳನಾಡಿಗೆ ರೈಲು ಬೇಕೇಬೇಕೆಂಬುದು ಖಚಿತವಾಯಿತು, ಆದರೆ ಕಡಲು ಮುಟ್ಟುವ ಜಾಗ ಬದಲಾಗಿತ್ತು. 1878ರ ಡಿಸೆಂಬರಿನಲ್ಲಿ ಬ್ರಿಟನ್ ಪೋರ್ಚುಗಲ್ ನಡುವೆ ಒಪ್ಪಂದವಾಗಿ, ರೈಲಿನ ಕೊನೆ ಗೋವೆಯ ಮರ್ಮಗೋವಾ ಎಂದು ನಿಂತಿತು. ಅಲ್ಲಿ ಅಲೆತಡೆ ಗೋಡೆ, ಹಡಗು ತಾಗಿ ನಿಲ್ಲುವ ಧಕ್ಕೆ, ಘಟ್ಟ ಹತ್ತುವ ಹಳಿ ಮೂರನ್ನೂ ಒಂದೇ ಯೋಜನೆಯಲ್ಲಿ ಕಟ್ಟಿದರು. ಕಾರವಾರದಲ್ಲಿ ಎಂದೂ ಒಟ್ಟಿಗೆ ಬರದಿದ್ದ ಮೂರು ವಸ್ತುಗಳು ಇವು.

1886ರ ಹೊತ್ತಿಗೆ ಹುಬ್ಬಳ್ಳಿಯಿಂದ ಹರಿಹರಕ್ಕೆ ಹಳಿ ಬಂತು. 1889ರಲ್ಲಿ ಬೆಂಗಳೂರಿನ ಕಡೆಯ ಮೈಸೂರು ರೈಲು ಬೀರೂರು, ದಾವಣಗೆರೆ ದಾಟಿ ಹರಿಹರದಲ್ಲಿ ಅದಕ್ಕೆ ಕೂಡಿತು. ಎಲ್ಲ ಮೀಟರ್ ಗೇಜ್, ನಡುವೆ ಮಾಲು ಬದಲಿಸುವ ತೊಂದರೆಯಿಲ್ಲ. ಹತ್ತು ದಿನದ ಗಾಡಿದಾರಿ ಒಂದೆರಡು ದಿನಕ್ಕೆ ಇಳಿದಾಗ ದೇವಿಮನೆ ಘಟ್ಟದಲ್ಲಿ ಹತ್ತಿಯ ಗಾಡಿಗಳು ತೆಳುವಾದವು. ಕುಮಟಾ ಸೋತಿತು, ಕಾರವಾರವೂ ಸೋತಿತು. ಕುಮಟಾಕ್ಕೆ ಹೆಸರಾದರೂ ಉಳಿಯಿತು. ದಾವಣಗೆರೆ ಮಾತ್ರ ರೈಲಿನ ದಾರಿಯಲ್ಲಿ ಹತ್ತಿಯ ಊರಾಗಿ ಬೆಳೆದು, ಮುಂದೆ ಗಿರಣಿಗಳು ಎದ್ದು, ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ಕಾರವಾರದ ದಂಡೆಯಲ್ಲಿ ಮ್ಯಾಂಚೆಸ್ಟರಿನವರ ಯಂತ್ರ ನಿಂತುಹೋದದ್ದನ್ನು ಬಲ್ಲವರಿಗೆ ಆ ಬಿರುದು ಬೇರೆಯೇ ಧ್ವನಿ ಕೊಡುತ್ತದೆ.

ಇಂದಿನ ಸ್ಥಿತಿ

ಕೊಲ್ಲಿಯ ಗುಣ ಹಾಗೆಯೇ ಇದೆ, ಬಳಸುವವರು ಬದಲಾಗಿದ್ದಾರೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಯಡಿ ನೌಕಾಪಡೆ ಕಾರವಾರದ ದಕ್ಷಿಣದ ತೀರವನ್ನು ಆರಿಸಿಕೊಂಡಿತು. ಐಎನ್‌ಎಸ್ ಕದಂಬ ನೌಕಾನೆಲೆ 2005ರಲ್ಲಿ ಆರಂಭವಾಯಿತು, ಅಂಜದೀವ ಆ ನೆಲೆಯ ಭಾಗವಾಯಿತು. ನೌಕಾಪಡೆಗೆ ಒಳನಾಡಿನ ಹತ್ತಿ ಬೇಡ, ಆಸರೆಯ ನೀರು ಬೇಕು. ಬೈತಖೋಲ್ ಮೀನುಗಾರರದ್ದಾಗಿ ಉಳಿದಿದೆ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಬೇರೆ ರಾಜ್ಯಗಳ ದೋಣಿಗಳೂ ಇದೇ ಗುಡ್ಡದ ಮರೆಗೆ ಬಂದು ನಿಂತವು. 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ಎರಡನೇ ಹಂತದ ವಿಸ್ತರಣೆಗೆ ಮೀನುಗಾರರು ಬೀದಿಗಿಳಿದು ವಿರೋಧಿಸಿದರು. ಹೊಸ ಅಲೆತಡೆ ಗೋಡೆ ಊರಿನ ಕಡಲತೀರವನ್ನೂ ದೋಣಿ ಎಳೆಯುವ ಜಾಗವನ್ನೂ ನುಂಗುತ್ತದೆ ಎಂಬ ಅವರ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ.

ಕೊಂಕಣ ರೈಲು 1998ರಲ್ಲಿ ಕಾರವಾರ, ಅಂಕೋಲಾ, ಕುಮಟಾಗಳನ್ನು ದಂಡೆಗುಂಟ ಜೋಡಿಸಿತು. ಘಟ್ಟ ಹತ್ತುವ ಹುಬ್ಬಳ್ಳಿ ಅಂಕೋಲಾ ಮಾರ್ಗಕ್ಕೆ 2000ದಲ್ಲಿ ಅಡಿಗಲ್ಲು ಬಿದ್ದರೂ ಕಾಡಿನ ಪ್ರಶ್ನೆಯಲ್ಲಿ ಸಿಲುಕಿಕೊಂಡಿತು. ಹೀಗಾಗಿ ದಾವಣಗೆರೆಯಿಂದ ಉತ್ತರ ಕನ್ನಡದ ಕಡಲಿಗೆ ಹೋಗುವ ಮಾಲಿಗೆ ನಡುವಿನ ಕೊಂಡಿ ಈಗಲೂ ಘಟ್ಟದ ರಸ್ತೆಯೇ; ಎತ್ತಿನ ಬದಲು ಲಾರಿ. ಹಾವೇರಿ, ಶಿರಸಿ, ಕುಮಟಾದ ಹಳೆಯ ಹತ್ತಿದಾರಿ ಈಗ ರಾಷ್ಟ್ರೀಯ ಹೆದ್ದಾರಿ. ಈಚೆಗೆ ಅಗಲೀಕರಣಕ್ಕಾಗಿ ದೇವಿಮನೆ ಘಟ್ಟವನ್ನು ಮುಚ್ಚಿದಾಗ ಲಾರಿಗಳಿಗೆ ಸೂಚಿಸಿದ ಬದಲಿ ದಾರಿಗಳಲ್ಲಿ ಒಂದು ಯಲ್ಲಾಪುರ, ಅರಬೈಲ್ ಮೂಲಕ ಅಂಕೋಲೆಗೆ ಇಳಿಯುವುದು. ಕಾರವಾರಕ್ಕೆಂದು ಕಡಿದ ದಾರಿ ಅದು.